ಇಂಗ್ಲಿಷ್–ಲಾಟ್ವಿಯನ್ ಭಾವನೆಗಳ ಕಾರ್ಡುಗಳು: ಬಹಳ ಕಾಲ ಬಳಸಿದ ಮೇಲೆ ನನ್ನ ಅನಿಸಿಕೆ
5ಕ್ಕೆ 3 ಸ್ಟಾರ್

ಲಾಟ್ವಿಯಾದ ರಾಜಧಾನಿ ರೀಗಾದಲ್ಲಿ ಮೆಡಿಕಲ್ ಓದುವ ನಮ್ಮಂಥವರಿಗೆ ಪಾಠವೆಲ್ಲ ಇಂಗ್ಲಿಷಿನಲ್ಲೇ. ವಾರ್ಡಿಗೆ ಹೋದರೆ ಮಾತ್ರ ಲಾಟ್ವಿಯನ್ ಬೇಕೇ ಬೇಕು. ನೋವು, ಜ್ವರ, ಕೆಮ್ಮಿನ ಪದಗಳು ಬೇಗ ಬಂದುಬಿಡುತ್ತವೆ. ಆದರೆ ಎದುರಿಗಿರುವ ಅಜ್ಜಿಗೆ ಭಯವೋ, ಬೇಜಾರೋ, ನಮ್ಮ ಮೇಲೇ ಸಿಟ್ಟೋ ಅಂತ ಗೊತ್ತಾಗಬೇಕಲ್ವಾ? ಅದಕ್ಕೇ ಕಾರ್ಡು ತಿರುಗಿಸುತ್ತ ಪದ ನೆನಪಿಡಲು ಬಳಸುವ ಆಂಕಿ ಆ್ಯಪ್‌ಗೆ ಯಾರೋ ಮಾಡಿ ಹಂಚಿದ ಈ ಉಚಿತ ಡೆಕ್ (ಕಾರ್ಡುಗಳ ಕಟ್ಟು) ಹಾಕಿಕೊಂಡೆ. ಒಂದು ಬದಿ ಇಂಗ್ಲಿಷ್, ತಿರುಗಿಸಿದರೆ ಲಾಟ್ವಿಯನ್.

ಸಿಟ್ಟಿನ ಭಾಗ ನಿಜಕ್ಕೂ ಚೆನ್ನಾಗಿದೆ. ಮಾಮೂಲಿ ಸಿಟ್ಟಿಗೆ ದುಸ್ಮೀಗ್ಸ್, ಸಿಡುಕು ಮೋರೆಗೆ ಈಗ್ನ್ಸ್, ಯಾರೋ ರೇಗಿಸಿ ಬಂದ ಸಿಟ್ಟಿಗೆ ಐಜ್‌ಕೈತಿನಾತ್ಸ್, ಅನ್ಯಾಯ ಕಂಡು ಕೆರಳಿದರೆ ಸಶುತಿಸ್. ಉಗ್ರ ಅನ್ನುವುದಕ್ಕೆ ನಿಕ್ನ್ಸ್. ಇದನ್ನು ನೆನಪಿಡಲು ಕಾರ್ಡೇ ಬೇಕಿಲ್ಲ, ಮನೆಗಳ ಗೇಟಿನ ಮೇಲೆ 'ನಿಕ್ನ್ಸ್ ಸುನ್ಸ್' ಅಂತ ನಾಯಿಯ ಬೋರ್ಡು ಇರುತ್ತದೆ!

ಕೊರತೆ ಶುರುವಾಗುವುದು ಮಾತಾಡಲು ಹೊರಟಾಗ. ಎಲ್ಲ ಕಾರ್ಡಿನಲ್ಲೂ ಗಂಡಸಿನ ರೂಪ ಮಾತ್ರ. ಹೆಂಗಸಾದ ನಾನು ಹೇಳಬೇಕಾದ್ದು ದುಸ್ಮೀಗ. ಸಿಟ್ಟು, ಭಯ, ದುಃಖ ಅನ್ನುವ ನಾಮಪದಗಳು (ದುಸ್ಮಸ್, ಬೈಲೆಸ್, ಸ್ಕುಮ್ಯಸ್) ಯಾವಾಗಲೂ ಬಹುವಚನವೇ. ಆ ಸುಳಿವೂ ಕಾರ್ಡಿನಲ್ಲಿಲ್ಲ. ಇದಕ್ಕೆಲ್ಲ ತೆಜೌರ್ಸ್ ಅನ್ನುವ ಆನ್‌ಲೈನ್ ನಿಘಂಟು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. ಪದದ ಎಲ್ಲ ರೂಪಗಳ ಪಟ್ಟಿ ಅಲ್ಲಿ ಸಿಗುತ್ತದೆ.

ನನ್ನ ದೊಡ್ಡ ತಕರಾರು ಬೇರೆ. ಈ ಡೆಕ್ ನಮ್ಮನ್ನು ಸುಮ್ನೆ ಇಂಗ್ಲಿಷಿನ ಬಳಸುದಾರಿಯಲ್ಲಿ ನಡೆಸುತ್ತದೆ. ಕನ್ನಡದಲ್ಲಿ 'ನನಗೆ ಭಯ', 'ನನಗೆ ನಾಚಿಕೆ' ಅನ್ನುತ್ತೇವೆ. ಲಾಟ್ವಿಯನ್ನರೂ ಹಾಗೇ: 'ಮನ್ ಇರ್ ಬೈಲ್', 'ಮನ್ ಇರ್ ಕೌನ್ಸ್'. ಮನ್ ಅಂದರೆ ನನಗೆ. ನಗು ಬಂದರೆ 'ಮನ್ ನಾಕ್ ಸ್ಮಿಯೆಕ್ಲಿ', ಅಂದರೆ ಅವರಿಗೂ ನಗು 'ಬರುತ್ತದೆ'. ನಿದ್ದೆಯೂ ಬರುತ್ತದೆ, ಸಿಟ್ಟೂ ಬರುತ್ತದೆ. ಸಿಟ್ಟು ಯಾರ 'ಮೇಲೆ' ಅಂತ ಹೇಳಲು ಬಳಸುವ ಉಜ್ ಅನ್ನುವ ಪದವೇ ಮೇಜಿನ ಮೇಲಿರುವ ಪುಸ್ತಕಕ್ಕೂ ಬಳಕೆ. ಇಷ್ಟು ಹತ್ತಿರದ ವಾಕ್ಯಗಳನ್ನು ಬಿಟ್ಟು ಇಂಗ್ಲಿಷಿನ 'ಐ ಆಮ್' ಹಿಡಿದು ಹೋಗುವುದು ಯಾಕೆ? ಡೆಕ್ ಮಾಡಿದವರಿಗೆ ಕನ್ನಡಿಗರು ಬಳಸುತ್ತಾರೆ ಅಂತ ಹೇಗೆ ಗೊತ್ತಾಗಬೇಕು, ಸರಿ. ಆದರೂ ಪದಕ್ಕೊಂದು ವಾಕ್ಯ ಕೊಟ್ಟಿದ್ದರೆ ಯಾರಿಗಾದರೂ ಅನುಕೂಲವೇ.

ಆಡಿಯೊ ಕಂಪ್ಯೂಟರ್ ದನಿ. ದೀರ್ಘ ಸ್ವರಗಳನ್ನು ಅಲ್ಲಲ್ಲಿ ನುಂಗುತ್ತದೆ. ಲಾಟ್ವಿಯನ್ನಿನಲ್ಲಿ ಇದು ಸಣ್ಣ ವಿಷಯವಲ್ಲ: ಕಾಜಸ್ ಅಂದರೆ ಮದುವೆ, ಕಜಸ್ ಅಂದರೆ ಮೇಕೆಗಳು. ಕನ್ನಡದ ಕಿವಿಗೆ ಹ್ರಸ್ವ-ದೀರ್ಘ ತಟ್ಟನೆ ತಿಳಿಯುತ್ತದೆ, ಹಾಗಾಗಿ ಆಡಿಯೊ ಬಂದ್ ಮಾಡಿ ದೀರ್ಘ ಸ್ವರ ತೋರಿಸಲು ಅಕ್ಷರದ ಮೇಲೆ ಹಾಕುವ ಗೆರೆ ನೋಡಿ ಓದಿದರೂ ನಡೆಯುತ್ತದೆ.

ಹೊಟ್ಟೆಕಿಚ್ಚಿಗೂ ಗಂಡ-ಹೆಂಡಿರ ನಡುವಿನ ಅನುಮಾನದ ಕಿಚ್ಚಿಗೂ ಬೇರೆ ಬೇರೆ ಕಾರ್ಡು ಇಟ್ಟಿದ್ದಾರೆ, ಅದಕ್ಕೆ ಶಹಬ್ಬಾಸ್.

ಈಗ ನಾನು ಇಂಗ್ಲಿಷ್ ಬದಿ ಅಳಿಸಿ ಕನ್ನಡ ವಾಕ್ಯ ಬರೆದುಕೊಂಡಿದ್ದೇನೆ. ಆಂಕಿಯಲ್ಲಿ ಕಾರ್ಡು ತಿದ್ದುವುದು ಸುಲಭ. ಹೊಸದಾಗಿ ಹಾಕಿಕೊಳ್ಳುವವರು ದಿನದ ಹೊಸ ಕಾರ್ಡಿನ ಮಿತಿ ಕಡಿಮೆ ಇಡಿ. ಸಿಟ್ಟಿನ ಪದಗಳೆಲ್ಲ ಒಟ್ಟಿಗೆ ಬಂದರೆ ಒಂದಕ್ಕೊಂದು ಕಲೆಸಿಹೋಗುತ್ತವೆ. ಪರೀಕ್ಷೆಯ ಹಿಂದಿನ ವಾರ ಶುರು ಮಾಡಿದರಂತೂ ಏನೂ ಪ್ರಯೋಜನವಿಲ್ಲ.