ಬಿಸು ಹಬ್ಬದ ಆಫರಲ್ಲಿ ಜಿಮ್ಮಿಗೆ ಸೇರಿದೆ, ನಾಲ್ಕನೇ ದಿನ ಮಂಗಳೂರಲ್ಲಿ ಡ್ರಿಪ್ ಹಾಕಿಸ್ಕೊಂಡು ಮಲಗಿದ್ದೆ

ಹೊಸದಾಗಿ ವ್ಯಾಯಾಮ ಶುರು ಮಾಡುವವರು ಯಾರಾದ್ರೂ ಇದ್ರೆ ಪೂರ್ತಿ ಓದದಿದ್ರೂ ಅಡ್ಡಿಲ್ಲ, ಇದೊಂದು ನೆನಪಿಟ್ಕೊಳ್ಳಿ. ಕಸರತ್ತು ಮಾಡಿ ಒಂದೆರಡು ದಿನದಲ್ಲಿ ಮೂತ್ರ ಕಟ್ಟಂಚಾಯದ (ಹಾಲು ಹಾಕದ ಕಪ್ಪು ಚಹಾದ) ಬಣ್ಣಕ್ಕೆ ತಿರುಗಿದ್ರೆ ನೋವಿನ ಮಾತ್ರೆ ನುಂಗಿ ಮಲಗ್ಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ನಾನು ಮಲಗಿದವ, ಅದಕ್ಕೇ ಬರೀತಿದ್ದೇನೆ.

ಮನೆ ಕಾಸರಗೋಡಿನ ಬದಿಯಡ್ಕದ ಹತ್ರ, ಹಾರ್ಡ್‌ವೇರ್ ಅಂಗಡಿ, ವಯಸ್ಸು 42, ತೂಕ 91. ಬೆಳಗ್ಗೆ ಒಂಬತ್ತಕ್ಕೆ ಸ್ಟೂಲಲ್ಲಿ ಕೂತ್ರೆ ರಾತ್ರಿ ಎಂಟಕ್ಕೆ ಏಳುವುದು. ಆದ್ರೆ ಪ್ರಾಯದಲ್ಲಿ ನಾನು ಅಡಿಕೆ ಮರ ಹತ್ತಿ ಮದ್ದು ಬಿಡ್ತಿದ್ದವ ಮಾರಾಯ್ರೆ, ಕೆಳಗೆ ಇಳಿಯದೆ ಒಂದು ಮರವನ್ನು ಬಾಗಿಸಿ ಇನ್ನೊಂದಕ್ಕೆ ದಾಟ್ತಿದ್ದವ, ಆ ಪೊಗರು ಹೊಟ್ಟೆ ಬಂದ ಮೇಲೂ ಒಳಗೆ ಹಾಗೇ ಇತ್ತು.

ಹೋದ ಏಪ್ರಿಲಲ್ಲಿ ಪೇಟೆಯ ಒಂದು ಜಿಮ್ಮಿನವರು ಬಿಸುವಿಗೆ ಆಫರ್ ಅಂತ ಬೋರ್ಡ್ ಹಾಕಿದ್ರು. ತಿಂಗಳಿಗೆ 1,200, ವರ್ಷಕ್ಕೆ ಒಟ್ಟಿಗೆ ಕಟ್ಟಿದ್ರೆ 9,000. ವ್ಯಾಪಾರಿ ತಲೆ ಅಲ್ವಾ, ಹನ್ನೆರಡು ತಿಂಗಳಿಗೆ 14,400 ಆಗ್ತದೆ, 5,400 ಉಳೀತು ಅಂತ ಖುಷಿಯಲ್ಲಿ ಅಲ್ಲೇ ನಿಂತು ಗೂಗಲ್ ಪೇ ಮಾಡಿದೆ. ರಶೀದಿಯ ಕೆಳಗೆ ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರದಲ್ಲಿ ಹಣ ವಾಪಸ್ ಇಲ್ಲ ಅಂತ ಇದ್ದದ್ದು ಕಂಡದ್ದು ಆಮೇಲೆ.

ಮೊದಲ ದಿನ ಬಿಪಿ ಉಂಟಾ, ಶುಗರ್ ಉಂಟಾ, ಮೈ ಬಗ್ಗಿಸಿ ಎಷ್ಟು ವರ್ಷ ಆಯ್ತು, ಯಾವುದನ್ನೂ ಕೇಳ್ಲಿಲ್ಲ. ಎದುರಿಂದೊಂದು ಸೈಡಿಂದೊಂದು ಫೋಟೋ ಹೊಡೆದ್ರು, 40 ದಿನದ ಚಾಲೆಂಜ್ ಅಂತೆ. ಟ್ರೈನರ್ 23ರ ಹುಡುಗ, ಒಳ್ಳೆಯವನೇ. ಇಪ್ಪತ್ತು ಸ್ಕ್ವಾಟ್ಸಿನ ಒಂದು ಸೆಟ್, ಅಂಥದ್ದು ಹತ್ತು ಸೆಟ್ಟು, ಮಧ್ಯ ಮಧ್ಯ ಹಾರುವುದು, ಆಮೇಲೆ ಮೆಟ್ಟಿಲು ಹತ್ತಿ ಇಳಿಯುವುದು. ಶೀಟ್ ಮಾಡಿನ ಮಹಡಿ, ಏಪ್ರಿಲ್ ಸೆಕೆ, ಇದ್ದ ಒಂದು ಫ್ಯಾನ್ ಕನ್ನಡಿ ಹತ್ರ ನಿಂತವರಿಗೆ ಮಾತ್ರ. 120 ಆಗುವಾಗ್ಲೇ ತೊಡೆ ನಡುಗ್ಲಿಕ್ಕೆ ಶುರುವಾಗಿತ್ತು, ನಿಲ್ಲಿಸುವ ಅಂತ ನೋಡಿದ್ರೆ ಆ ಹುಡುಗ "ಏಟ್ಟ, ಪತ್ತೆಣ್ಣಂ ಕೂಡಿ" (ಅಣ್ಣ, ಇನ್ನು ಹತ್ತು) ಅಂತ ಮಲಯಾಳದಲ್ಲಿ ಹೇಳಿ ಚಪ್ಪಾಳೆ ತಟ್ತಾನೆ, ಪಕ್ಕದಲ್ಲಿ ಕಾಲೇಜು ಮಕ್ಕಳು ನೋಡ್ತಿದ್ದಾರೆ, ಮರ ದಾಟಿದ ಗಂಡಸು ಹೇಗೆ ಕೂರುವುದು? ಇನ್ನೂರೂ ಮುಗಿಸಿದೆ. ಇಳಿದು ಬರುವಾಗ ಮೊಣಕಾಲು ಮಡಚಿದ್ರೆ ಬೀಳ್ತೇನೆ ಅಂತ ಆಗಿ ಕಂಬಿ ಹಿಡ್ಕೊಂಡು ಸಣ್ಣ ಮಗುವಿನ ಹಾಗೆ ಹಿಂದೆ ಹಿಂದೆ ಇಳಿದೆ. ನಿಜ ಹೇಳ್ಬೇಕಾದ್ರೆ ಅವತ್ತು ನನಗೆ ಹೆಮ್ಮೆ ಆಗಿತ್ತು.

ಮರುದಿನ ತೊಡೆ ಮುಟ್ಲಿಕ್ಕೆ ಆಗ್ತಿರ್ಲಿಲ್ಲ, ಕಕ್ಕಸಿನಲ್ಲಿ ಕೂರ್ಲಿಕ್ಕೆ ಗೋಡೆ ಹಿಡೀಬೇಕು. ಫೋನ್ ಮಾಡಿದ್ರೆ ಹುಡುಗ "ನಾರ್ಮಲ್, ನಾಳೆ ಬಂದ್ರೆ ಬಿಡ್ತದೆ" ಅಂದ. ಅವನು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ, ಹೊಸಬರಿಗೆ ಎರಡು ಮೂರು ದಿನ ಮೈಕೈ ನೋವು ಇದ್ದದ್ದೇ. ಆದ್ರೆ ನನ್ನ ತೊಡೆ ಊದಿ ಚರ್ಮ ಮಿರಿಮಿರಿ ಅಂತಿತ್ತು, ಪ್ಯಾಂಟ್ ಏರ್ತಿರ್ಲಿಲ್ಲ. ಮೆಡಿಕಲಿಂದ ನೋವಿನ ಮಾತ್ರೆ ತಂದು ದಿನಕ್ಕೆ ಮೂರರ ಲೆಕ್ಕದಲ್ಲಿ ನುಂಗಿದೆ, ನೀರು ಕುಡಿದದ್ದೂ ಕಮ್ಮಿ, ಎದ್ದು ಮೂತ್ರಕ್ಕೆ ಹೋಗುವುದೇ ಕಷ್ಟ ಅಲ್ವಾ.

ಮೂರನೇ ದಿನ ಬೆಳಗ್ಗೆ ಬಣ್ಣ ಕಂಡದ್ದು. ಅಮ್ಮ ಕೇಳಿದ್ದೇ ತಡ ಕಾಮಾಲೆ ಅಂತ ತೀರ್ಮಾನ ಮಾಡಿ ತೋಟದಿಂದ ನೆಲನೆಲ್ಲಿ ಕಿತ್ತು ಮಜ್ಜಿಗೆಯಲ್ಲಿ ಅರೆದು ತಂದ್ರು. ಸಂಜೆ ಲ್ಯಾಬಿಗೆ ಹೋದ್ರೆ ಲಿವರ್ ಕೆಟ್ಟಾಗ ಏರುವಂಥ ಎಸ್‌ಜಿಒಟಿ ಏರಿತ್ತು, ಅಮ್ಮ ಗೆದ್ರು! ಆ ರಾತ್ರಿಯೂ ಹಾಗೇ ಹೋಯ್ತು. ಹೆಂಡತಿ ಮಾತ್ರ ರಿಪೋರ್ಟ್ ಹಿಡ್ಕೊಂಡು "ಕಾಮಾಲೆಗೆ ಏರಬೇಕಾದ ಬಿಲಿರುಬಿನ್ ಸರಿಯಾಗೇ ಉಂಟಲ್ಲ, ಮತ್ತೆ ಎಂತ ಕಾಮಾಲೆ, ನೀವು ಡಾಕ್ಟ್ರ ಹತ್ರ ಜಿಮ್ಮಿನ ವಿಷಯ ಹೇಳ್ಲೇಬೇಕು" ಅಂತ ಮಾರನೇ ದಿನ ಎಬ್ಬಿಸಿ ಹೊರಡಿಸಿದ್ಳು.

ಪೇಟೆಯ ಡಾಕ್ಟ್ರು ಎರಡು ನಿಮಿಷದಲ್ಲಿ ಹಿಡಿದ್ರು. ಮೂತ್ರಕ್ಕೆ ಅದ್ದುವ ಪಟ್ಟಿಯಲ್ಲಿ ರಕ್ತ ಉಂಟು ಅಂತ ತೋರಿಸ್ತದೆ, ಮೈಕ್ರೋಸ್ಕೋಪಲ್ಲಿ ನೋಡಿದ್ರೆ ರಕ್ತಕಣವೇ ಇಲ್ಲ. ಅಂದ್ರೆ ಅದು ರಕ್ತ ಅಲ್ಲ, ಒಡೆದ ಸ್ನಾಯುವಿಂದ ಸೋರಿದ ಕೆಂಪು ಪದಾರ್ಥ, ಮಯೊಗ್ಲೋಬಿನ್ ಅಂತೆ. ಕಿಡ್ನಿ ಅದನ್ನು ಸೋಸಿ ಸೋಸಿ ಸೋಲ್ತದೆ, ನಾನು ಬೇರೆ ನೀರು ಕುಡಿಯದೆ ನೋವಿನ ಮಾತ್ರೆಯ ಭಾರವನ್ನೂ ಅದರ ಮೇಲೆಯೇ ಹಾಕಿದ್ದೆ. ಎಸ್‌ಜಿಒಟಿ ಲಿವರಲ್ಲಿ ಮಾತ್ರ ಇರುವುದಲ್ಲ, ಸ್ನಾಯುವಲ್ಲೂ ಉಂಟು, ಅದಕ್ಕೇ ಏರಿದ್ದು. ಕಾಯಿಲೆಯ ಹೆಸರು ರಾಬ್ಡೊಮಯೊಲಿಸಿಸ್, ಬಾಯಿಗೆ ಬರ್ಲಿಕ್ಕೇ ನನಗೆ ಎರಡು ದಿನ ಬೇಕಾಯ್ತು.

ಭಾವ ಕಾರಲ್ಲಿ ಮಂಗಳೂರಿಗೆ ಕರ್ಕೊಂಡು ಹೋದ. ತಲಪಾಡಿ ದಾಟುವವರೆಗೆ ಹಂಪ್ ಬಂದಾಗೆಲ್ಲ ತೊಡೆ ಹಿಡ್ಕೊಂಡು ಕೂಗಿದ್ದೇನೆ. ಅಲ್ಲಿ ಸಿಕೆ ಅಂತ ಒಂದು ರಕ್ತಪರೀಕ್ಷೆ ಮಾಡಿದ್ರು, ಸ್ನಾಯು ಒಡೆದಾಗ ರಕ್ತಕ್ಕೆ ಸೋರುವ ಅಂಶ ಅದು. ಸಾಧಾರಣಕ್ಕೆ ಅದು 200ರ ಆಸುಪಾಸು ಇರುವಂಥದ್ದು, ಸಾವಿರ ದಾಟಿದ್ರೇ ಈ ಕಾಯಿಲೆಯ ಸಂಶಯ ಪಡ್ತಾರೆ, ನನ್ನದು 46,000. ಐದು ದಿನ ಹಗಲೂ ರಾತ್ರಿ ಡ್ರಿಪ್ಪು, ಮೂತ್ರ ಎಲ್ಲ ಅಳತೆಯ ಜಗ್ಗಿಗೆ ಹಿಡಿದು ಎಷ್ಟು ಎಂಎಲ್ ಅಂತ ಹೆಂಡತಿ ನೋಟ್ ಬುಕ್ಕಲ್ಲಿ ಬರೀತಿದ್ಳು, ಅಂಗಡಿ ಲೆಕ್ಕ ಬರೆಯುವ ಅದೇ ಬುಕ್ಕು. ನಾಲ್ಕನೇ ದಿನ ಲಿಂಬೆ ಶರಬತ್ತಿನ ಬಣ್ಣಕ್ಕೆ ಬಂದಾಗ ಇಬ್ಬರೂ ಅದನ್ನೇ ನೋಡಿ ನಗಾಡಿದ್ದು. ಡಯಾಲಿಸಿಸ್ ವರೆಗೆ ಹೋಗ್ಲಿಲ್ಲ, ಹೋಗುವವರೂ ಇದ್ದಾರೆ ಅಂದ್ರು ಡಾಕ್ಟ್ರು. ಬಿಲ್ಲು 38,000, ಎರಡು ವಾರ ಅಂಗಡಿಗೆ ಬೀಗ.

ಮರ ಹತ್ತಿದ ಕಥೆ ಅಲ್ಲಿಯ ಡಾಕ್ಟ್ರಿಗೂ ಹೇಳಿದೆ, ಚಟ ಬಿಡ್ಬೇಕಲ್ಲ. ಅವರು ಹೇಳಿದ್ರು, ಭಾರ ಹೊತ್ತು ಮೇಲೆ ಏಳುವುದಕ್ಕಿಂತ ಅದನ್ನು ತಡೆದುಕೊಂಡು ನಿಧಾನ ಕೆಳಗಿಳಿಯುವಾಗ ಸ್ನಾಯುವಿಗೆ ಪೆಟ್ಟು ಜಾಸ್ತಿ, ಸ್ಕ್ವಾಟಲ್ಲಿ ಪ್ರತಿ ಸಲ ಅದೇ ಆಗುವುದು, ಅಭ್ಯಾಸ ಇದ್ದವರ ಸ್ನಾಯು ಅದಕ್ಕೆ ಹೊಂದ್ಕೊಂಡಿರ್ತದೆ. ಅದೇ ಸ್ಕ್ವಾಟ್ ಹತ್ತರಿಂದ ಶುರು ಮಾಡಿ ವಾರ ವಾರ ಒಂದೊಂದೇ ಏರಿಸಿದ್ರೆ ನನಗೂ ಎಂತದೂ ಆಗ್ತಿರ್ಲಿಲ್ಲ ಅಂತೆ. ಬೇಜಾರಾದದ್ದು ಇದಕ್ಕೇ, ಜಿಮ್ ಕೆಟ್ಟದ್ದಲ್ಲ, ನನ್ನ ಮೊದಲ ದಿನ ಕೆಟ್ಟದ್ದು.

ಆರು ವಾರ ಕಳೆದು ಸಿಕೆ ಸರಿ ಬಂದ ಮೇಲೆ ಪುನಃ ಶುರು ಮಾಡಿದೆ. ಹಾಲಿನ ಸೊಸೈಟಿಗೆ ಬೈಕಲ್ಲಿ ಹೋಗುವ ಬದ್ಲು ನಡೆದು ಹೋಗುವುದು, ಹೋಗಿ ಬರ್ಲಿಕ್ಕೆ 25 ನಿಮಿಷ. ವಾರಕ್ಕೆ ಎರಡು ದಿನ ಅಂಗಡಿಯ ಸ್ಟೂಲಿಂದಲೇ ಎಂಟು ಸಲ ಎದ್ದು ಕೂರುವುದು, ಈಗ ಹದಿನೈದಕ್ಕೆ ಬಂದಿದೆ. ನಾಚಿಕೆ ಆಗುವಷ್ಟು ಸಣ್ಣದು, ಗೊತ್ತುಂಟು. ಆದ್ರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥದ್ದು, ಎರಡು ದಿನ ಸ್ನಾಯುವಿಗೆ ಕೆಲಸ, ಅಷ್ಟೇ. ಆಟಿ ತಿಂಗಳ ಮಳೆಯಲ್ಲೂ ಕೊಡೆ ಹಿಡ್ಕೊಂಡು ಹೋದೆ, ನಡಿಗೆ ತಪ್ಪಿದ್ದು ಬೆರಳೆಣಿಕೆಯ ದಿನ.

ಜಿಮ್ಮಿಗೇ ಹೋಗುವುದಾದ್ರೆ ಒಂದು ತಿಂಗಳದ್ದು ಮಾತ್ರ ಕಟ್ಟಿ. ಮೊದಲ ದಿನ ನಿಮ್ಮ ಹತ್ರ ಒಂದು ಪ್ರಶ್ನೆಯನ್ನೂ ಕೇಳದೆ ಬೆವರಿಳಿಸುವ ಜಾಗ ಆದ್ರೆ ಚಪ್ಪಲಿ ಹಾಕಿ ಹೊರಡಿ. ನನ್ನ 9,000 ಬರ್ಲಿಲ್ಲ, ಬೇಕಾದ್ರೆ ಮೆಂಬರ್ಶಿಪ್ಪನ್ನು ಮೂರು ತಿಂಗಳು ಮುಂದೆ ಹಾಕಿ ಕೊಡ್ತೇವೆ ಅಂದ್ರು. ಗ್ರಾಹಕರ ಸಹಾಯವಾಣಿ 1915 ಅಂತ ಉಂಟು, ಆಗ ನನಗೆ ಜಗಳಕ್ಕೆ ತ್ರಾಣ ಇರ್ಲಿಲ್ಲ.

ಮೊನ್ನೆ ಆ ಟ್ರೈನರ್ ಹುಡುಗ ಬೋಲ್ಟ್ ತೆಕ್ಕೊಳ್ಳಿಕ್ಕೆ ಅಂಗಡಿಗೆ ಬಂದ, ಏಟ್ಟನನ್ನು ಕಾಣುದೇ ಇಲ್ಲ ಅಂತ ನಗಾಡಿದ. ಮೊಬೈಲಲ್ಲಿ ಡಿಸ್ಚಾರ್ಜ್ ಕಾಗದ ತೋರಿಸಿದೆ. ದೊಡ್ಡದು ಮಾಡಿ ಮಾಡಿ ಓದಿದ, ಸಿಕೆ ಅಂದ್ರೆ ಎಂತ ಅಂತ ಕೇಳಿದ, ಹೇಳಿದೆ. ಅವನು ಮಾಡಿದ್ದು ಆರು ವಾರದ ಕೋರ್ಸಂತೆ, ಅದರಲ್ಲಿ ಇದು ಇರ್ಲಿಲ್ಲ ಅಂದ. ಫೋಟೋ ವಾಟ್ಸಾಪ್ ಮಾಡಿ ಅಂತ ನಂಬರ್ ಕೊಟ್ಟು ಬೋಲ್ಟಿನ ಚಿಲ್ರೆ ತೆಕ್ಕೊಳ್ಳದೆ ಹೋದ. ಕಳಿಸಿದ್ದೇನೆ, ನೀಲಿ ಟಿಕ್ ಬಂದಿದೆ.