ಕಲ್ಲಿದ್ದಲು ಸ್ಟವ್‌ಗೆ ಬ್ಯಾರೊಮೆಟ್ರಿಕ್ ಡ್ಯಾಂಪರ್ ಮತ್ತು ಮ್ಯಾನೊಮೀಟರ್: ಹಲವು ಚಳಿಗಾಲಗಳ ಬಳಕೆಯ ನಂತರ

ತೀರ್ಪು ಮೊದಲೇ ಹೇಳಿಬಿಡುತ್ತೇನೆ: ಎರಡರಲ್ಲಿ ಒಂದಕ್ಕಷ್ಟೇ ದುಡ್ಡಿದ್ದರೆ ಒತ್ತಡ ಅಳೆಯುವ ಮಾಪಕವನ್ನು, ಅಂದರೆ ಮ್ಯಾನೊಮೀಟರನ್ನು ತೆಗೆದುಕೊಳ್ಳಿ. ಡ್ಯಾಂಪರ್ ಡ್ರಾಫ್ಟನ್ನು (ಚಿಮಣಿಯ ಎಳೆತವನ್ನು) ತಗ್ಗಿಸಬಲ್ಲದು, ಹುಟ್ಟಿಸಲಾರದು. ನಿಮ್ಮ ಚಿಮಣಿಯ ಎಳೆತ ಹೆಚ್ಚೋ ಕಡಿಮೆಯೋ ಎಂದು ಅಳೆದು ನೋಡದೆ ಡ್ಯಾಂಪರ್ ಕೂರಿಸಿದರೆ ಪೈಪಿಗೆ ತೂತು ಕೊರೆದದ್ದಷ್ಟೇ ಲಾಭ.

ಈ ವಿಮರ್ಶೆ ಅಮೆರಿಕದ ಪೆನ್ಸಿಲ್ವೇನಿಯಾದ ಈಶಾನ್ಯ ಭಾಗದಲ್ಲಿ ಸಿಗುವ ಆಂತ್ರಸೈಟನ್ನು (ಗಟ್ಟಿ ಜಾತಿಯ ಕಲ್ಲಿದ್ದಲನ್ನು) ಕೈಯಿಂದ ತುಂಬುವ ಸ್ಟವ್‌ಗೆ ಸಂಬಂಧಿಸಿದ್ದು. ಕಲ್ಲಿದ್ದಲು ವ್ಯಾಪಾರದಲ್ಲಿ ‘ನಟ್’ ಎನ್ನುವ ಗಾತ್ರದ್ದು, ಹೊಗೆಪೈಪು 6 ಇಂಚಿನದು. ಡ್ಯಾಂಪರ್ ಫೀಲ್ಡ್ ಕಂಟ್ರೋಲ್ಸ್‌ನ ಆರ್‌ಸಿ ಮಾದರಿ, ಮ್ಯಾನೊಮೀಟರ್ ಡ್ವಯರ್ ಮಾರ್ಕ್ 2, ಮಾದರಿ 25.

ಆಂತ್ರಸೈಟಿಗೆ ಗಾಳಿ ಕೆಳಗಿನಿಂದ, ಜಾಲರಿಯ ಮೂಲಕ, ಕೆಂಡದ ಹಾಸನ್ನು ತೂರಿಕೊಂಡು ಬರಬೇಕು. ಸೌದೆಯಂತೆ ಮೇಲಿನ ಗಾಳಿಯಲ್ಲಿ ಉರಿಯುವ ಜಾತಿಯಲ್ಲ ಅದು. ಆ ಗಾಳಿಯನ್ನು ಎಳೆಯುವುದು ಚಿಮಣಿಯ ಡ್ರಾಫ್ಟ್. ಕೈಯಿಂದ ತುಂಬುವ ಹೆಚ್ಚಿನ ಸ್ಟವ್‌ಗಳಿಗೆ ನೀರಿನ ಅಂಕಣದ ಲೆಕ್ಕದಲ್ಲಿ (ಒತ್ತಡ ನೀರನ್ನು ಎಷ್ಟು ಎತ್ತರ ಏರಿಸಬಲ್ಲದು ಎಂಬ ಅಳತೆ) 0.04ರಿಂದ 0.06 ಇಂಚು ಸಾಕು. 0.01 ಇಂಚೆಂದರೆ ಸುಮಾರು 2.5 ಪ್ಯಾಸ್ಕಲ್, ಅಂದರೆ ಮುಖಕ್ಕೆ ತಾಗಿದರೂ ಗೊತ್ತಾಗದಷ್ಟು ಒತ್ತಡ. ಊದುಬತ್ತಿ ಹಿಡಿದು ಹೊಗೆ ಎತ್ತ ಹೋಗುತ್ತದೆಂದು ನೋಡುವ ಪರೀಕ್ಷೆ ದಿಕ್ಕು ತೋರಿಸೀತು, ಪ್ರಮಾಣ ತೋರಿಸದು.

ಡ್ರಾಫ್ಟಿನ ಅಂಕಿ ಒಂದೇ ಕಡೆ ನಿಲ್ಲುವುದಿಲ್ಲ ಎಂಬುದೇ ಎಲ್ಲ ತೊಂದರೆಯ ಮೂಲ. 25 ಅಡಿ ಎತ್ತರದ ಚಿಮಣಿ, ಹೊರಗೆ ಸೊನ್ನೆಗಿಂತ 15 ಡಿಗ್ರಿ ಸೆಲ್ಸಿಯಸ್ ಕೆಳಗೆ, ಒಳಗಿನ ಅನಿಲ ಸರಾಸರಿ 150 ಡಿಗ್ರಿ ಎಂದುಕೊಳ್ಳಿ: ಲೆಕ್ಕದ ಪ್ರಕಾರ ಸುಮಾರು 0.16 ಇಂಚು. ಅದೇ ಚಿಮಣಿ ಏಪ್ರಿಲ್‌ನಲ್ಲಿ, ಹೊರಗೆ 15 ಡಿಗ್ರಿ, ಸ್ಟವ್ ಮಂದವಾಗಿ ಉರಿದು ಅನಿಲ 70 ಡಿಗ್ರಿ ಇದ್ದಾಗ ಸುಮಾರು 0.06. ತಿರುವುಗಳಲ್ಲಿ, ಪೈಪಿನ ಘರ್ಷಣೆಯಲ್ಲಿ ಕಳೆದುಹೋಗುವುದನ್ನು ತೆಗೆದರೆ ಎರಡೂ ಇನ್ನೂ ಇಳಿಯುತ್ತವೆ. ಮೊದಲನೆಯ ಸ್ಥಿತಿಯಲ್ಲಿ ಬಿಸಿಯೆಲ್ಲ ಚಿಮಣಿ ಸೇರುತ್ತದೆ, ಕಲ್ಲಿದ್ದಲು ಬೇಗ ಮುಗಿಯುತ್ತದೆ. ಎರಡನೆಯದರಲ್ಲಿ ಬೆಂಕಿ ಸೊರಗಿ, ಕಾರ್ಬನ್ ಮಾನಾಕ್ಸೈಡ್ ಮನೆಯೊಳಕ್ಕೆ ತಿರುಗುವ ಅಪಾಯ.

ಡ್ಯಾಂಪರಿನ ಕೆಲಸ ಸರಳ. ತೂಕ ಕಟ್ಟಿದ ತೆಳು ತಟ್ಟೆಯೊಂದು ಅಡ್ಡ ಕೀಲಿನ ಮೇಲೆ ತೂಗುತ್ತದೆ. ಎಳೆತ ಹೆಚ್ಚಾದಾಗ ಒಳಕ್ಕೆ ತೆರೆದುಕೊಂಡು ಕೋಣೆಯ ಗಾಳಿಯನ್ನು ಚಿಮಣಿಗೆ ಬಿಡುತ್ತದೆ. ಸ್ಟವ್ ಮೇಲಿನ ಎಳೆತ ಇಳಿಯುತ್ತದೆ. ಗಾಳಿ ಬೀಸುವ ರಾತ್ರಿಗಳಲ್ಲಿ ಇದರ ಬೆಲೆ ತಿಳಿಯುತ್ತದೆ: ತಟ್ಟೆ ಕುಣಿಯುತ್ತಿರುತ್ತದೆ, ಮಾಪಕದ ಕೆಂಪು ದ್ರವ ಮಾತ್ರ 0.05ರ ಆಸುಪಾಸು ಬಿಟ್ಟು ಕದಲುವುದಿಲ್ಲ. ಕೈಯಿಂದ ತಿರುಗಿಸುವ ಡ್ಯಾಂಪರ್ ಇದನ್ನು ಮಾಡಲಾರದು.

ಕೊಳ್ಳುವಾಗ ಒಂದು ಎಚ್ಚರಿಕೆ. ಗ್ಯಾಸ್ ಉಪಕರಣಗಳಿಗೆಂದು ಬರುವ, ಎರಡೂ ಕಡೆ ತೂಗುವ ಡ್ಯಾಂಪರನ್ನು ಕಲ್ಲಿದ್ದಲಿಗೆ ಹಾಕಲೇಬೇಡಿ. ಚಿಮಣಿಯಲ್ಲಿ ಗಾಳಿ ಹಿಮ್ಮುಖವಾದಾಗ ಅದು ಹೊರಕ್ಕೆ ತೆರೆದು ವಿಷಾನಿಲವನ್ನು ಕೋಣೆಗೆ ಸುರಿಯುತ್ತದೆ.

ಕೂರಿಸುವಾಗ ಕೀಲು ಮಟ್ಟವಾಗಿರಲಿ, ತಟ್ಟೆಯ ಮುಖ ತೂಗುಗುಂಡಿನ ನೇರಕ್ಕಿರಲಿ. ಸ್ವಲ್ಪ ವಾಲಿದರೂ ತೂಕದ ಲೆಕ್ಕ ಕೆಡುತ್ತದೆ. ಮಾಪಕದ ತೂತು ಸ್ಟವ್ ಮತ್ತು ಡ್ಯಾಂಪರಿನ ನಡುವೆಯೇ ಬರಬೇಕು. ಡ್ಯಾಂಪರ್ ದಾಟಿ ಚಿಮಣಿ ಕಡೆ ಕೊರೆದರೆ ಸ್ಟವ್ ಅನುಭವಿಸುವ ಎಳೆತ ಬಿಟ್ಟು ಬೇರೇನನ್ನೋ ಅಳೆಯುತ್ತೀರಿ. ಪೈಪಿಗೆ ಮೊದಲು ಕಾಲು ಇಂಚಿನ ತಾಮ್ರದ ನಳಿಕೆ ಒಂದೆರಡು ಅಡಿ, ಆಮೇಲೆ ಪ್ಲಾಸ್ಟಿಕ್ ಟ್ಯೂಬ್. ನೇರವಾಗಿ ಪ್ಲಾಸ್ಟಿಕ್ ತೂರಿಸಿದರೆ ಕರಗುತ್ತದೆ. ಟ್ಯೂಬನ್ನು ಮಾಪಕದ ಕಡಿಮೆ ಒತ್ತಡದ ಬಾಯಿಗೆ ಸಿಕ್ಕಿಸಿ, ಇನ್ನೊಂದನ್ನು ಕೋಣೆಗೆ ತೆರೆದಿಡಿ.

ಮಾದರಿ 25ರ ವ್ಯಾಪ್ತಿ 3 ಇಂಚಿನವರೆಗೆ, ನಮ್ಮ ಕೆಲಸಕ್ಕೆ ಬೇಕಾದದ್ದು ಅದರ ಕೆಳತುದಿ ಮಾತ್ರ. ಕೊಳವೆ ಅಲ್ಲಿ ಓರೆಯಾಗಿರುವುದರಿಂದ 0.01ರ ಗೆರೆಗಳನ್ನು ಕಣ್ಣಿನಿಂದ ಓದಬಹುದು. ಗುಳ್ಳೆ ಮಟ್ಟ ನೋಡಿಕೊಂಡು ಗೋಡೆಗೆ ತಿರುಪು ಹಾಕಿ, ಟ್ಯೂಬ್ ಕಳಚಿಟ್ಟು ಸೊನ್ನೆ ಹೊಂದಿಸಿ. ದ್ರವ ಕಡಿಮೆಯಾದರೆ ಅದರದ್ದೇ ಕೆಂಪು ಎಣ್ಣೆ ಹಾಕಬೇಕು (ಸಾಪೇಕ್ಷ ಸಾಂದ್ರತೆ 0.826), ಬಣ್ಣದ ನೀರು ಹಾಕಿದರೆ ಅಳತೆಯೇ ತಪ್ಪುತ್ತದೆ.

ತೂಕ ಹೊಂದಿಸುವುದು ಸ್ಟವ್ ಚೆನ್ನಾಗಿ ಕಾದು ಗಂಟೆಯಾದ ಮೇಲೆ, ಚಳಿ ಇರುವ ದಿನ. ತೂಕದ ಪಕ್ಕ ಅಚ್ಚಾದ ಗುರುತುಗಳನ್ನು ಅಂದಾಜೆಂದೇ ತಿಳಿಯಿರಿ; ಮಾಪಕ 0.05 ತೋರುವವರೆಗೆ ಸರಿಸಿ. ಕಲ್ಲಿದ್ದಲನ್ನು ತಾನಾಗಿ ತುಂಬಿಕೊಳ್ಳುವ ಸ್ಟೋಕರ್ ಬಾಯ್ಲರ್ ಇದ್ದವರು ಈ ಅಂಕಿ ಬಿಟ್ಟು ತಯಾರಕರ ಕೈಪಿಡಿಯದನ್ನು ಹಿಡಿಯಬೇಕು.

ಹೊಗೆಪೈಪಿನ ಅಡ್ಡ ಭಾಗದಲ್ಲಿ ನುಣ್ಣನೆ ಹಾರುಬೂದಿ ಕೂರುತ್ತದೆ. ತೂಕ ಮುಟ್ಟದೆಯೇ ವಾರಗಳಲ್ಲಿ ಅಂಕಿ 0.05ರಿಂದ 0.03ಕ್ಕೆ ಜಾರುತ್ತಿದ್ದರೆ ಮೊದಲು ಪೈಪು ಬಿಚ್ಚಿ ನೋಡಿ. ಡ್ಯಾಂಪರನ್ನು ಬೈಯುವುದು ಆಮೇಲೆ. ಕೀಲಿಗೂ ಅದೇ ಬೂದಿ ಮೆತ್ತಿ ತಟ್ಟೆ ಅರ್ಧಕ್ಕೆ ನಿಲ್ಲುತ್ತದೆ. ಒಣ ಕುಂಚ ಸಾಕು. ಎಣ್ಣೆ ಬಿಟ್ಟರೆ ಬೂದಿ ಅಂಟಾಗುತ್ತದೆ.

ಅಂಕಿ ಇಳಿಯಲು ಇನ್ನೊಂದು ಕಾರಣ ಅಡುಗೆಮನೆಯಲ್ಲಿರುತ್ತದೆ. ಒಗ್ಗರಣೆಗೆಂದು ಎಕ್ಸಾಸ್ಟ್ ಜೋರಾಗಿ ಹಚ್ಚಿದೊಡನೆ, ಬಟ್ಟೆ ಒಣಗಿಸುವ ಯಂತ್ರವೂ ಓಡುತ್ತಿದ್ದರೆ ಇನ್ನೂ ಹೆಚ್ಚು, ಮನೆಯೊಳಗಿನ ಒತ್ತಡ ಇಳಿದು ಚಿಮಣಿಯೊಡನೆ ಹಗ್ಗಜಗ್ಗಾಟ ಶುರುವಾಗುತ್ತದೆ. ಬಿಗಿಯಾಗಿ ಮುಚ್ಚಿದ ಹೊಸ ಮನೆಗಳಲ್ಲಿ ಮಾಪಕ ಇದನ್ನು ಕಣ್ಣೆದುರೇ ತೋರಿಸುತ್ತದೆ. ಹತ್ತಿರದ ಕಿಟಕಿ ಒಂದಿಂಚು ತೆರೆಯುವುದು ತತ್ಕಾಲದ ಮದ್ದು, ಸ್ಟವ್‌ಗೆ ಹೊರಗಾಳಿಯ ಪ್ರತ್ಯೇಕ ದಾರಿ ಶಾಶ್ವತವಾದದ್ದು.

ಬೂದಿ ಕೊಡವುವಾಗ ತಟ್ಟೆಯನ್ನು ಕೈಯಿಂದ ಮುಚ್ಚಿ ಹಿಡಿದರೆ ಧೂಳು ಚಿಮಣಿಗೆ ಹೋಗುತ್ತದೆ. ಕೆಲವರು ಆಯಸ್ಕಾಂತ ಅಂಟಿಸುತ್ತಾರೆ. ತೆಗೆಯಲು ಮರೆತು ಬೂದಿ ಬಾಗಿಲನ್ನೂ ತೆರೆದಿಟ್ಟರೆ ಜಾಲರಿಯ ಎರಕವೇ ಬಾಗುವಷ್ಟು ಉರಿ ಏಳುತ್ತದೆ. ಹೊಸ ಕಲ್ಲಿದ್ದಲು ತುಂಬುವಾಗ ಒಂದು ಮೂಲೆಯಲ್ಲಿ ಕೆಂಡ ಕಾಣುವಂತೆ ಬಿಡಿ. ಪೂರ್ತಿ ಮುಚ್ಚಿದರೆ ಅನಿಲ ಕೂಡಿಕೊಂಡು ಒಮ್ಮೆಲೇ ಹೊತ್ತಿ ‘ಢಪ್’ ಎನ್ನುತ್ತದೆ, ಪೈಪಿನ ಕೀಲು ಸಡಿಲುತ್ತದೆ. ನೀಲಿ ಜ್ವಾಲೆ ಆಡತೊಡಗಿದರೆ ಸರಿ.

ಇವೆರಡೂ ಇದ್ದರೂ ಕಾರ್ಬನ್ ಮಾನಾಕ್ಸೈಡ್ ಅಲಾರಂ ಬೇಕೇ ಬೇಕು, ಅಂಕಿ ತೋರಿಸುವಂಥದ್ದೇ ಇರಲಿ. ಅಮೆರಿಕದ ಯುಎಲ್ 2034 ಮಾನದಂಡದಲ್ಲಿ 70 ಪಿಪಿಎಂಗೆ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 70 ಭಾಗ) ಅಲಾರಂ ಕೂಗಲು 60ರಿಂದ 240 ನಿಮಿಷ ಅವಕಾಶವಿದೆ. ಅದಕ್ಕೆ ಮುಂಚೆಯೇ ಅಂಕಿ ಏರುವುದು ಕಂಡರೆ ಕಾರಣ ಹುಡುಕಬಹುದು.

ಋತು ಮುಗಿದ ವಾರದಲ್ಲೇ ಪೈಪು ಬಿಚ್ಚಿ ತೊಳೆದು ಒಣಗಿಸಿ. ಬೂದಿಯಲ್ಲಿನ ಗಂಧಕ ಬೇಸಿಗೆಯ ತೇವದೊಡನೆ ಆಮ್ಲವಾಗಿ ಕಪ್ಪು ಪೈಪನ್ನು ತಿನ್ನುತ್ತದೆ. ಅಡುಗೆ ಸೋಡಾ ಕದಡಿದ ನೀರು ಇದಕ್ಕೆ ಒಳ್ಳೆಯದು. ಡ್ಯಾಂಪರಿನ ಕೊರತೆ ಒಂದೇ: ಕಾಯಿಸಿದ ಕೋಣೆಯ ಗಾಳಿಯನ್ನೇ ಅದು ಹೊರಹಾಕುತ್ತದೆ. ತಟ್ಟೆ ಸದಾ ಅಗಲ ತೆರೆದೇ ಇದ್ದರೆ ಆ ನಷ್ಟ ಸಣ್ಣದಲ್ಲ.

ಸೌದೆಯನ್ನೂ ಉರಿಸುವವರು ಈ ಡ್ಯಾಂಪರನ್ನು ಕೊಳ್ಳಬೇಡಿ. ತಣ್ಣನೆ ಗಾಳಿ ಸೇರಿ ಚಿಮಣಿಯಲ್ಲಿ ಕ್ರಿಯೊಸೋಟ್ (ಸೌದೆ ಹೊಗೆಯ ಡಾಂಬರಿನಂಥ ಕಿಟ್ಟ) ಹೆಪ್ಪುಗಟ್ಟುತ್ತದೆ, ಅದಕ್ಕೆ ಬೆಂಕಿ ಬಿದ್ದರೆ ತಟ್ಟೆ ತೆರೆದು ಗಾಳಿಯನ್ನೂ ಊಡುತ್ತದೆ.