ಶಿಲ್ಪಿಯೇ ಜೋಡಿಸಿದ ತೋಟ: ಸೇಂಟ್ ಐವ್ಸ್‌ನ ಬಾರ್ಬರಾ ಹೆಪ್‌ವರ್ತ್ ವಸ್ತುಸಂಗ್ರಹಾಲಯ

ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್ ಸೀಮೆಯಲ್ಲಿ ಸೇಂಟ್ ಐವ್ಸ್ ಎಂಬ ಕಡಲತೀರದ ಊರಿದೆ. ಅಲ್ಲಿನ ಎತ್ತರದ ಗೋಡೆಯೊಂದರ ಹಿಂದೆ ಬ್ರಿಟಿಷ್ ಶಿಲ್ಪಿ ಬಾರ್ಬರಾ ಹೆಪ್‌ವರ್ತ್ ಅವರ ಮನೆ, ಕಾರ್ಯಾಗಾರ ಮತ್ತು ತೋಟಗಳಿವೆ. ಟ್ರೆವಿನ್ ಸ್ಟುಡಿಯೊ ಎಂದು ಕರೆಯಲಾಗುವ ಈ ಜಾಗವನ್ನು ಅವರು 1949ರಲ್ಲಿ ಹರಾಜಿನಲ್ಲಿ ಕೊಂಡರು; 1975ರ ಮೇ ತಿಂಗಳಲ್ಲಿ ಇಲ್ಲಿಯೇ ಸಂಭವಿಸಿದ ಬೆಂಕಿ ಅವಘಡದಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆ ಮರುವರ್ಷ ಇದನ್ನು ಸಾರ್ವಜನಿಕರಿಗೆ ತೆರೆಯಲಾಯಿತು, 1980ರಿಂದ ಬ್ರಿಟನ್ನಿನ ಕಲಾಸಂಗ್ರಹಾಲಯ ಸಂಸ್ಥೆಯಾದ ಟೇಟ್ ನೋಡಿಕೊಳ್ಳುತ್ತಿದೆ. ಕಲಾವಿದೆಯೊಬ್ಬರ ಬದುಕನ್ನೂ ಕೃತಿಗಳನ್ನೂ ಒಂದರಿಂದೊಂದು ಬೇರ್ಪಡಿಸದೆ ತೋರಿಸುವುದರಲ್ಲಿ ಇದಕ್ಕೆ ಸರಿಸಾಟಿಯಾದ ಸ್ಥಳಗಳು ವಿರಳ ಎಂಬುದು ನನ್ನ ಅಭಿಪ್ರಾಯ. ಆದರೆ ಅವರೊಳಗಿದ್ದ ಚಿತ್ರಕಾರ್ತಿಯನ್ನು ಅರಿಯಲು ಇದೊಂದೇ ಸಾಲದು.

ಕೆಳಗಿನ ಕೋಣೆ ಅವರ ಜೀವನಕಥೆಗೆ ಮೀಸಲು. ತೋಟಕ್ಕೆ ಧಾವಿಸುವ ಆತುರದಲ್ಲಿ ಇದನ್ನು ದಾಟಿ ಹೋಗಬಾರದು. 1903ರಲ್ಲಿ ಯಾರ್ಕ್‌ಷೈರ್‌ನ ವೇಕ್‌ಫೀಲ್ಡ್‌ನಲ್ಲಿ ಹುಟ್ಟಿದ ಹೆಪ್‌ವರ್ತ್, ಸರ್ವೇಯರ್ ಆಗಿದ್ದ ತಂದೆಯ ಕಾರಿನಲ್ಲಿ ಕುಳಿತು ಆ ಸೀಮೆಯ ಗುಡ್ಡಕಣಿವೆಗಳನ್ನು ಸುತ್ತಿದವರು. ನೆಲದ ಏರಿಳಿತವನ್ನೇ ರೂಪವೆಂದು ಕಾಣುವ ಕಣ್ಣು ಅವರಿಗೆ ಅಲ್ಲಿ ದೊರಕಿತು. ಲೀಡ್ಸ್ ಕಲಾಶಾಲೆಯಲ್ಲಿ ಮುಂದೆ ಹೆಸರಾಂತ ಶಿಲ್ಪಿಯಾದ ಹೆನ್ರಿ ಮೂರ್ ಅವರ ಸಹಪಾಠಿಯಾಗಿ, ಆಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಓದಿ, ವಿದ್ಯಾರ್ಥಿವೇತನದ ಬಲದಿಂದ ಇಟಲಿಗೆ ಹೋದ ಅವರು, ಅಮೃತಶಿಲೆಯನ್ನು ಸ್ವತಃ ಕೆತ್ತುವ ವಿದ್ಯೆಯನ್ನು ಅಲ್ಲಿಯೇ ಕಲಿತರು. ಆ ಕಾಲದ ಅನೇಕ ಶಿಲ್ಪಿಗಳು ಜೇಡಿಮಣ್ಣಿನಲ್ಲಿ ಮಾದರಿ ಮಾಡಿ, ಕಲ್ಲಿನ ಕೆಲಸವನ್ನು ಕುಶಲಕರ್ಮಿಗಳಿಗೆ ಒಪ್ಪಿಸುತ್ತಿದ್ದರೆಂಬುದನ್ನು ನೆನೆದರೆ, ಉಳಿ ಹಿಡಿದು ಕಲ್ಲಿನೊಂದಿಗೆ ನೇರವಾಗಿ ವ್ಯವಹರಿಸುವ ಅವರ ನಿರ್ಧಾರ ಎಷ್ಟು ದೊಡ್ಡದೆಂದು ಗೊತ್ತಾಗುತ್ತದೆ. 1930ರ ದಶಕದ ಆರಂಭದಲ್ಲಿ ಅವರು ಶಿಲ್ಪದ ನಡುವೆ ರಂಧ್ರ ಕೊರೆದು, ಟೊಳ್ಳನ್ನೂ ರೂಪದ ಭಾಗವಾಗಿಸಿದರು. 1934ರಲ್ಲಿ ತ್ರಿವಳಿ ಮಕ್ಕಳಿಗೆ ಜನ್ಮವಿತ್ತರು. 1939ರಲ್ಲಿ ಯುದ್ಧ ಹತ್ತಿರವಾದಾಗ ಪತಿ, ವರ್ಣಚಿತ್ರಕಾರ ಬೆನ್ ನಿಕೋಲ್ಸನ್ ಹಾಗೂ ಮಕ್ಕಳೊಂದಿಗೆ ಕಾರ್ನ್‌ವಾಲ್‌ಗೆ ಬಂದರು. ಹಗಲೆಲ್ಲ ಮಕ್ಕಳ ಆರೈಕೆ, ತರಕಾರಿ ಬೆಳೆ. ರಾತ್ರಿ ರೇಖಾಚಿತ್ರ ಮತ್ತು ಪುಟ್ಟ ಪ್ಲಾಸ್ಟರ್ ಕೃತಿಗಳು. ಯುದ್ಧದ ಮೊದಲ ವರ್ಷಗಳಲ್ಲಿ ಅವರ ಕಲೆಗೆ ಸಿಕ್ಕ ಸಮಯ ಇಷ್ಟೇ ಆಗಿತ್ತು.

ಮಹಡಿಯ ಕೋಣೆ ಬೆಳಕಿನಿಂದ ತುಂಬಿದೆ, ಮರದ ಮತ್ತು ಕಲ್ಲಿನ ಕೆತ್ತನೆಗಳನ್ನು ಹತ್ತಿರದಿಂದ ನೋಡಲು ಅನುಕೂಲವಾಗಿದೆ.

ಈ ಸ್ಥಳದ ಜೀವಾಳವಿರುವುದು ತೋಟದಲ್ಲಿ. ಸಂಗೀತ ಸಂಯೋಜಕಿ ಪ್ರಿಯೋ ರೇನಿಯರ್ ಅವರ ನೆರವಿನಿಂದ ರೂಪಿಸಿದ ಈ ತೋಟದಲ್ಲಿ, ಹೆಚ್ಚಿನ ಶಿಲ್ಪಗಳು ಹೆಪ್‌ವರ್ತ್ ಅವರೇ ಆಯ್ದಿಟ್ಟ ಜಾಗದಲ್ಲಿವೆ. ಗ್ಯಾಲರಿಗಳಲ್ಲಿ ಬಿಳಿಗೋಡೆಯ ಮುಂದೆ ಒಂಟಿಯಾಗಿ ಕಾಣುವ ಕಂಚಿನ ರೂಪಗಳಿಗೆ ಇಲ್ಲಿ ಗಿಡಮರಗಳೂ ಆಕಾಶವೂ ಹಿನ್ನೆಲೆಯಾಗುತ್ತವೆ. 1966ರ ‘ಫೋರ್-ಸ್ಕ್ವೇರ್ (ವಾಕ್ ಥ್ರೂ)’ ಕೃತಿಯೇ ಇದಕ್ಕೆ ಉತ್ತಮ ನಿದರ್ಶನ: ಆಳೆತ್ತರವನ್ನು ಮೀರಿದ ಚೌಕಗಳಲ್ಲಿ ದುಂಡಗಿನ ಕಿಂಡಿಗಳಿದ್ದು, ನೋಡುಗರು ಹೆಜ್ಜೆ ಬದಲಿಸಿದಂತೆಲ್ಲ ಒಂದು ಕಿಂಡಿ ಇನ್ನೊಂದರೊಡನೆ ಕೂಡಿ, ಸರಿದು, ಎಲೆಗಳನ್ನೊಮ್ಮೆ ಬಾನನ್ನೊಮ್ಮೆ ಚೌಕಟ್ಟಿನೊಳಗೆ ತರುತ್ತದೆ. ಛಾಯಾಚಿತ್ರದಲ್ಲಿ ಇದನ್ನು ನೋಡಿದವರು ಆ ಕೃತಿಯನ್ನು ನೋಡಿದಂತಾಗಲಿಲ್ಲ ಎಂದೇ ಹೇಳುತ್ತೇನೆ. ಹಲವು ಕಲ್ಲುಗಳ ಗುಂಪಿನಂತೆ ನಿಂತಿರುವ 1973ರ ‘ಕಾನ್ವರ್ಸೇಶನ್ ವಿತ್ ಮ್ಯಾಜಿಕ್ ಸ್ಟೋನ್ಸ್’ ವಾಸ್ತವದಲ್ಲಿ ಕಂಚಿನದು. ಅದರ ನಡುವೆ ನಿಧಾನವಾಗಿ ಸುತ್ತಾಡಲು ಸಮಯ ಕಾದಿರಿಸಿಕೊಳ್ಳಬೇಕು. ಕಲ್ಲು ಕೆತ್ತುತ್ತಿದ್ದ ಕೊಠಡಿಯಲ್ಲಿ ಅವರ ಉಪಕರಣಗಳು, ಕೆಲಸದ ಅಂಗಿಗಳು, ಮುಗಿಯದೆ ಉಳಿದ ಕಲ್ಲುಗಳು ಹಾಗೆಯೇ ಇವೆ. ಇಷ್ಟು ಶುದ್ಧವಾದ ರೂಪಗಳ ಹಿಂದೆ ಧೂಳು ಮತ್ತು ದೇಹಶ್ರಮ ಎಷ್ಟಿತ್ತೆಂಬುದನ್ನು ಯಾವ ವಿವರಣಾ ಫಲಕವೂ ಇಷ್ಟು ಸ್ಪಷ್ಟವಾಗಿ ತಿಳಿಸಲಾರದು.

ಸೀಮಿತ ಜಾಗದ ಕಾರಣದಿಂದ ಇಲ್ಲಿ ಶಿಲ್ಪಗಳೇ ಮೇಲುಗೈ ಪಡೆಯುತ್ತವೆ, ಅದು ಸಹಜ. ಆದರೆ 1947ರಿಂದ 1949ರವರೆಗೆ ಅವರು ರಚಿಸಿದ ಆಸ್ಪತ್ರೆಯ ಚಿತ್ರಗಳನ್ನು ಬಿಟ್ಟು ಹೆಪ್‌ವರ್ತ್ ಅವರನ್ನು ಅರ್ಥ ಮಾಡಿಕೊಳ್ಳಲಾಗದು. ಮಗಳು ಸಾರಾಳ ಮೂಳೆಯ ಸೋಂಕಿಗೆ ಚಿಕಿತ್ಸೆ ನೀಡಿದ ಶಸ್ತ್ರವೈದ್ಯ ನಾರ್ಮನ್ ಕೇಪನರ್ ಅವರ ಆಹ್ವಾನದಿಂದ, ಅವರು ಶಸ್ತ್ರಚಿಕಿತ್ಸೆಗಳನ್ನು ಕಣ್ಣಾರೆ ಕಂಡು ಚಿತ್ರಿಸಿದರು. ಹಲಗೆಗೆ ಬಿಳಿ ಲೇಪನ ಹಚ್ಚಿ, ತೆಳುವಾಗಿ ತೈಲವರ್ಣ ಬಳಿದು, ಕೆರೆದು, ಅದರ ಮೇಲೆ ಪೆನ್ಸಿಲ್ ಗೆರೆ ಎಳೆಯುವ ಅವರ ಕ್ರಮದಲ್ಲಿಯೂ ಕೆತ್ತುವವರ ಕೈ ಕಾಣುತ್ತದೆ. ಮುಖಗವಸಿನ ಮೇಲಿನ ಕಣ್ಣುಗಳು, ಒಂದೇ ಕೆಲಸದಲ್ಲಿ ಕೂಡಿಕೊಂಡ ಹಲವರ ಕೈಗಳು: ವೈದ್ಯರ ಕೈಚಳಕದಲ್ಲಿ ಅವರು ತಮ್ಮ ಕಸುಬಿನ ಬಂಧುವನ್ನೇ ಗುರುತಿಸಿದ್ದರು. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದ 1948ರ ಆಸುಪಾಸಿನಲ್ಲಿ ರಚಿತವಾದ ಈ ಚಿತ್ರಗಳಿಗೆ ಸಿಗಬೇಕಾದ ಮನ್ನಣೆ ಇನ್ನೂ ಪೂರ್ತಿ ಸಿಕ್ಕಿಲ್ಲವೆಂದೇ ನನಗನ್ನಿಸುತ್ತದೆ.

ಇಂಥ ಕಿರಿದಾದ ಅಂಗಳದಲ್ಲಿ ಬದುಕಿದವರ ಕೃತಿ ಎಲ್ಲಿಯವರೆಗೆ ತಲುಪಿತು ಎಂಬುದನ್ನೂ ಭೇಟಿಗೆ ಮುನ್ನ ತಿಳಿದಿರಬೇಕು. 1961ರಲ್ಲಿ ವಿಮಾನ ಅಪಘಾತದಲ್ಲಿ ಮಡಿದ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ, ಗೆಳೆಯ ದಾಗ್ ಹ್ಯಾಮರ್‌ಷೋಲ್ಡ್ ಅವರ ನೆನಪಿಗೆ ಹೆಪ್‌ವರ್ತ್ ರಚಿಸಿದ, 6 ಮೀಟರಿಗೂ ಎತ್ತರದ ‘ಸಿಂಗಲ್ ಫಾರ್ಮ್’ 1964ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಮುಂದೆ ಅನಾವರಣಗೊಂಡಿತು. ಅಂಥ ಬೃಹತ್ ಕೆಲಸಕ್ಕೆ ಈ ಅಂಗಳ ಸಾಲದೆ, ರಸ್ತೆಯಾಚೆಗಿನ ಹಳೆಯ ನೃತ್ಯಶಾಲೆಯೊಂದನ್ನು ಅವರು 1961ರಲ್ಲಿ ಕೊಂಡಿದ್ದರು.

ಮಹಡಿಯ ಕೋಣೆಗೆ ಮೆಟ್ಟಿಲುಗಳನ್ನು ಹತ್ತಬೇಕು, ಊರಿನ ಓಣಿಗಳೂ ಕಡಿದಾಗಿವೆ; ನಡೆಯಲು ಕಷ್ಟವಿರುವವರು ಮೊದಲೇ ವಿಚಾರಿಸಿ ಹೋಗುವುದು ಒಳಿತು. ಬೇಸಿಗೆಯಲ್ಲಿ ಸೇಂಟ್ ಐವ್ಸ್ ಪ್ರವಾಸಿಗರಿಂದ ಕಿಕ್ಕಿರಿಯುವುದರಿಂದ ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳಿ. 1953ರಲ್ಲಿ ವಾಯುಪಡೆಯ ವಿಮಾನ ಅಪಘಾತದಲ್ಲಿ ತೀರಿಕೊಂಡ ಹಿರಿಯ ಮಗ ಪಾಲ್ ನೆನಪಿಗೆ ಅವರು ಕೆತ್ತಿದ ತಾಯಿ-ಮಗುವಿನ ಶಿಲ್ಪ ಇದೇ ಊರಿನ ಚರ್ಚಿನಲ್ಲಿದೆ. ಅದನ್ನು ಇದೇ ಭೇಟಿಯಲ್ಲಿ ನೋಡಬಹುದು. ಕಂಚಿನ ಕೃತಿಗಳಿಗೆ ಮೂಲವಾದ ಪ್ಲಾಸ್ಟರ್ ರೂಪಗಳನ್ನೂ ಕಾಣಬಯಸುವವರು, ಅವರ ಹುಟ್ಟೂರಿನಲ್ಲಿ 2011ರಲ್ಲಿ ಆರಂಭವಾದ ‘ದಿ ಹೆಪ್‌ವರ್ತ್ ವೇಕ್‌ಫೀಲ್ಡ್’ ಗ್ಯಾಲರಿಗೂ ಒಂದು ದಿನ ಮೀಸಲಿಡಬೇಕು. ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ ನನ್ನ ಮತ ಟ್ರೆವಿನ್‌ಗೆ.